ಮೊದಲು ವಸುಧಾರಾ, ಆಮೇಲೆ ಸತೋಪಂಥ: ಬದರಿಯಾಚೆಗೆ ನಡೆಯುವವರಿಗೆ

ಬದರಿನಾಥಕ್ಕೆ ಹೋದ ನಮ್ಮವರಲ್ಲಿ ಬಹಳಷ್ಟು ಜನ ಮಾಣಾ ಹಳ್ಳಿಯ ತನಕ ಹೋಗಿ, ವ್ಯಾಸಗುಹೆಗೆ ಕೈಮುಗಿದು, ಸರಸ್ವತಿ ನದಿಯ ಮೇಲಿನ ಭೀಮ್ ಪುಲ್ ಎದುರು ಫೋಟೊ ತೆಗೆಸಿಕೊಂಡು, ಟೀ ಕುಡಿದು ವಾಪಸಾಗುತ್ತಾರೆ. ಹಾದಿ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಪಾಂಡವರು ಸ್ವರ್ಗಾರೋಹಣಕ್ಕೆ ಹೊರಟದ್ದು ಇದೇ ಕಣಿವೆಯಲ್ಲಿ ಎಂಬುದು ನಂಬಿಕೆ. ಮಾಣಾದಿಂದ ಐದಾರು ಕಿಲೋಮೀಟರ್ ನಡೆದರೆ ಸುಮಾರು 400 ಅಡಿ ಎತ್ತರದಿಂದ ಧುಮುಕುವ ವಸುಧಾರಾ ಜಲಪಾತ. ಅದರಾಚೆ, 4,600 ಮೀಟರ್ ಎತ್ತರದಲ್ಲಿ, ತ್ರಿಕೋನಾಕಾರದ ಸರೋವರ ಸತೋಪಂಥ ತಾಲ್. ಮೊದಲನೆಯದು ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳುವ ನಡಿಗೆ, ಎರಡನೆಯದು ಟೆಂಟು ಹೊತ್ತು ಹೋಗಬೇಕಾದ ಚಾರಣ. ಜಲಪಾತವನ್ನು ಸರೋವರದ ಪ್ರವೇಶ ಪರೀಕ್ಷೆ ಎಂದುಕೊಂಡು ಯೋಜನೆ ಹಾಕಿಕೊಳ್ಳಿ. ಅಲ್ಲಿ ಪಾಸಾದರಷ್ಟೇ ಮುಂದಿನದು.

ತಿಂಗಳು ಗೊತ್ತುಮಾಡಿ

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಮೊದಲ ವಾರದವರೆಗಿನ ದಿನಗಳೇ ಮೇಲು. ಮಳೆ ಹಿಂದೆ ಸರಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಚೌಖಂಬಾ (7,138 ಮೀ.) ಮತ್ತು ನೀಲಕಂಠ (6,596 ಮೀ.) ಶಿಖರಗಳು ಚೆನ್ನಾಗಿ ಕಾಣುತ್ತವೆ. ಮೇ–ಜೂನ್‌ನಲ್ಲೂ ಹೋಗಬಹುದು, ಆದರೆ ಹಾದಿಯ ಮೇಲೆ ಗಟ್ಟಿ ಹಿಮ ಉಳಿದಿರುತ್ತದೆ. ಜುಲೈ–ಆಗಸ್ಟ್ ಬೇಡವೇ ಬೇಡ. ಋಷಿಕೇಶದಿಂದ ಬದರಿಯವರೆಗಿನ ಸುಮಾರು 300 ಕಿಲೋಮೀಟರ್ ರಸ್ತೆಯಲ್ಲಿ ಗುಡ್ಡ ಯಾವಾಗ ಎಲ್ಲಿ ಜರಿಯುತ್ತದೆಂದು ಹೇಳಲಾಗದು. ಚಳಿಗಾಲದಲ್ಲಿ ಮಾಣಾದವರೇ ಊರು ಬಿಟ್ಟು ಕೆಳಗಿಳಿಯುತ್ತಾರೆ. 2025ರ ಫೆಬ್ರವರಿ 28ರಂದು ಆ ಹಳ್ಳಿಯ ಹತ್ತಿರವೇ ರಸ್ತೆ ಕಾರ್ಮಿಕರ ಶಿಬಿರದ ಮೇಲೆ ಹಿಮರಾಶಿ ಕುಸಿದು 8 ಮಂದಿ ಸತ್ತರು.

ಬದರಿಗೆ ಹೋಗುವವರೆಲ್ಲ ಚಾರ್‌ಧಾಮ್ ಯಾತ್ರೆಯ ಆನ್‌ಲೈನ್ ನೋಂದಣಿ ಮಾಡಿಸಬೇಕು. ಚಾರಣಿಗರಿಗೂ ವಿನಾಯಿತಿ ಇಲ್ಲ.

ರಸ್ತೆಯಲ್ಲೇ ನಿಧಾನಿಸಿ

ಕುಮಾರಪರ್ವತವನ್ನು ಒಂದೇ ದಿನದಲ್ಲಿ ಹತ್ತಿಳಿದವರಿಗೆ ಕಾಲಿನ ಬಗ್ಗೆ ಒಂದು ಹಮ್ಮು ಇರುತ್ತದೆ. ಇಲ್ಲಿ ಅದು ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಬದರಿಯ ಬಸ್ ನಿಲ್ದಾಣವೇ 3,100 ಮೀಟರ್ ಎತ್ತರದಲ್ಲಿದೆ. ಸತೋಪಂಥದ ದಡದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇ. 57ರಷ್ಟು ಮಾತ್ರ. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟಕ್ಕೇ ಇಳಿಯುತ್ತದೆ. ದೇಹ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು, ಜಿಮ್ಮಿಗೆ ಹೋಗುವವರಿಗೂ ಬೇಕು.

ಆದ್ದರಿಂದ ಋಷಿಕೇಶದಿಂದ ಒಂದೇ ಓಟದಲ್ಲಿ ಬದರಿ ಸೇರುವ ಟ್ಯಾಕ್ಸಿಯವರ ಮಾತಿಗೆ ಒಪ್ಪಬೇಡಿ. ಜೋಶಿಮಠದಲ್ಲಿ (ಸುಮಾರು 1,875 ಮೀ.) ಒಂದು ರಾತ್ರಿ ತಂಗಿ, ನಂತರ ಬದರಿ ಅಥವಾ ಮಾಣಾದಲ್ಲಿ ಕನಿಷ್ಠ ಎರಡು ರಾತ್ರಿ ಕಳೆಯಿರಿ, ಮೂರಾದರೆ ಇನ್ನೂ ಒಳ್ಳೆಯದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು ಎಂಬುದು ಪರ್ವತ ವೈದ್ಯರ ಲೆಕ್ಕ. ಹಗಲು ಇನ್ನಷ್ಟು ಹತ್ತಿ ರಾತ್ರಿಗೆ ಇಳಿದು ಬಂದರೆ ಅಡ್ಡಿಯಿಲ್ಲ. ಎತ್ತರದ ಕಾಯಿಲೆ ತಡೆಯಲು ನುಂಗುವ ಡೈಮಾಕ್ಸ್ ಮಾತ್ರೆಯ ವಿಚಾರವನ್ನು ಊರಲ್ಲೇ ವೈದ್ಯರ ಹತ್ತಿರ ಮಾತಾಡಿಕೊಳ್ಳಿ. ಸಲ್ಫಾ ಔಷಧಿ ಒಗ್ಗದವರು ಅದನ್ನು ಮೊದಲೇ ಹೇಳಬೇಕು.

ವಸುಧಾರಾ: ಪರೀಕ್ಷೆಯ ದಿನ

ಬೆಳಿಗ್ಗೆ ಏಳಕ್ಕೆ ಮಾಣಾ ಬಿಡಿ. ಭೀಮ್ ಪುಲ್ ದಾಟಿದ ಮೇಲೆ ಕಲ್ಲು ಹಾಸಿದ ಹಾದಿ, ಬಲಕ್ಕೆ ಬೆಟ್ಟ, ಎಡಕ್ಕೆ ಕೆಳಗೆ ಅಲಕನಂದಾ. ಅಲ್ಲಿಂದ ಮುಂದೆ ಅಂಗಡಿಗಳನ್ನು ನೆಚ್ಚಿಕೊಳ್ಳಬೇಡಿ. ನೀರು, ಬುತ್ತಿ ಹೆಗಲಲ್ಲೇ ಇರಲಿ. ಮರಗಳಿಲ್ಲದ ಕಣಿವೆಯಾದ್ದರಿಂದ ಜಲಪಾತ ದೂರದಿಂದಲೇ ಕಾಣುತ್ತದೆ, ನಡೆದಷ್ಟೂ ಅದು ಅಲ್ಲೇ ಇರುತ್ತದೆ. ಕೊನೆಯ ಏರು ಕಡಿದಾಗಿದೆ. ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿಯುವ ವೇಗದಲ್ಲಿ ಹೋಗಿ. ಮಾತು ತುಂಡಾಗುತ್ತಿದ್ದರೆ ವೇಗ ಜಾಸ್ತಿಯಾಯಿತು ಎಂದೇ ಅರ್ಥ.

ಪಾಪಿಗಳ ಮೇಲೆ ಈ ನೀರು ಬೀಳುವುದಿಲ್ಲವಂತೆ. ಗಾಳಿ ಜೋರಾದಾಗ ಧಾರೆ ಪೂರ್ತಿ ಚದುರಿ ಬಂಡೆಯ ಮುಂದೆ ತುಂತುರಾಗಿ ತೇಲಾಡುತ್ತದೆ. ಆಗ ಪುಣ್ಯವಂತರೂ ಒಣಗಿಯೇ ನಿಲ್ಲಬೇಕಾಗುತ್ತದೆ! ಪರೀಕ್ಷಿಸುವ ಆಸೆಗೆ ಧಾರೆಯ ಬುಡಕ್ಕೆ ಮಾತ್ರ ನುಗ್ಗಬೇಡಿ. ಮೇಲಿನಿಂದ ನೀರಿನ ಜೊತೆ ಕಲ್ಲೂ ಬರುತ್ತದೆ. ಬೇಸಿಗೆಯ ಆರಂಭದಲ್ಲಿ ಬುಡದ ಹಿಮರಾಶಿ ಒಳಗೊಳಗೇ ಕರಗಿ ಟೊಳ್ಳಾಗಿರುತ್ತದೆ.

ಸಂಜೆ ಕೋಣೆಗೆ ಬಂದ ಮೇಲೆ ಫಲಿತಾಂಶ ನೋಡಿಕೊಳ್ಳಿ. ತಲೆನೋವು ಇದೆಯೇ? ಅದರ ಜೊತೆಗೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು? ಇದ್ದರೆ ಎತ್ತರದ ಕಾಯಿಲೆ ಶುರುವಾಗಿದೆ ಎಂದುಕೊಂಡು ಅಲ್ಲೇ ಇನ್ನೊಂದು ದಿನ ನಿಲ್ಲಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ನೆಲದ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ನೇರ ಗೆರೆಯಲ್ಲಿ ನಡೆಯಲಾಗದವರನ್ನು, ಸುಮ್ಮನೆ ಕೂತಾಗಲೂ ಏದುಸಿರು ಬಿಡುತ್ತ ಕೆಮ್ಮುವವರನ್ನು ಬೆಳಗಾಗಲಿ ಎಂದು ಕಾಯದೆ ಆ ಕ್ಷಣವೇ ಇಳಿಸಬೇಕು. ಮೊದಲನೆಯದು ಮಿದುಳಿನ ಊತದ ಲಕ್ಷಣ, ಎರಡನೆಯದು ಶ್ವಾಸಕೋಶದಲ್ಲಿ ನೀರು ತುಂಬುವುದರದು. ಎರಡೂ ಗಂಟೆಗಳಲ್ಲಿ ಕೊಲ್ಲಬಲ್ಲವು.

ಸತೋಪಂಥಕ್ಕೆ ಸಿದ್ಧತೆ

ಇಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಮತ್ತು ಸ್ಥಳೀಯ ಗೈಡ್ ಬೇಕು. ಜೋಶಿಮಠದಲ್ಲಿ ತಂಗುವ ದಿನವೇ ಇದನ್ನು ಮುಗಿಸಿಕೊಳ್ಳಿ. ಮಾಣಾದಾಚೆ ಫೋನ್ ಸಿಗ್ನಲ್ ನಂಬುವಂತಿಲ್ಲ. ಅಮೆರಿಕದಿಂದ ಬರುವ ನೆಂಟರಿಗೆ ಒಂದು ಮಾತು: ಅಲ್ಲಿ ಎಲ್ಲರ ಬ್ಯಾಗಿನಲ್ಲಿರುವ ಸ್ಯಾಟಲೈಟ್ ಮೆಸೆಂಜರ್ ಮತ್ತು ಸ್ಯಾಟಲೈಟ್ ಫೋನ್‌ಗಳನ್ನು ಅನುಮತಿಯಿಲ್ಲದೆ ಭಾರತದಲ್ಲಿ ಬಳಸುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ.

ಊಟದ ಬಗ್ಗೆಯೂ ಯೋಚಿಸಿ. ಸರೋವರದ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವ ಮಾತೇ ಇಲ್ಲ. ನಮ್ಮ ಅವಲಕ್ಕಿಗೆ ಈ ತೊಂದರೆ ಇಲ್ಲ, ನೆನೆದರೆ ಸಾಕು. ಮೇಲೆ ಹೋದಂತೆ ಬಾಯಿರುಚಿ ಕೆಡುವುದರಿಂದ ಒಂದು ಪೊಟ್ಟಣ ಚಟ್ನಿಪುಡಿ ಮತ್ತು ನಿಂಬೆ ಉಪ್ಪಿನಕಾಯಿ ಜೊತೆಗಿರಲಿ. ಖರ್ಚು ಮಾಡಿ ತಂದ ಎನರ್ಜಿ ಬಾರ್‌ಗಳು ಚಳಿಗೆ ಕಲ್ಲಾಗುತ್ತವೆ.

ಮೇಲಿನ ದಿನಗಳು

ಸತೋಪಂಥದ ಹಾದಿ ಸಾಮಾನ್ಯವಾಗಿ ಅಲಕನಂದೆಯ ಆಚೆ ದಡದಲ್ಲಿ, ಮಾತಾಮೂರ್ತಿ ಗುಡಿಯ ಕಡೆಯಿಂದ ಹೋಗುತ್ತದೆ. ಮೊದಲ ತಂಗುದಾಣ ಲಕ್ಷ್ಮೀವನ, ಭೂರ್ಜಪತ್ರದ ಮರಗಳಿರುವ ಜಾಗ. ಅಲ್ಲಿಂದ ಸಹಸ್ರಧಾರೆಯ ಹತ್ತಾರು ಸಣ್ಣ ಜಲಪಾತಗಳನ್ನು ಹಾದು ಚಕ್ರತೀರ್ಥ. ಮೂರನೆಯ ದಿನ ಸರೋವರ ನೋಡಿ ಚಕ್ರತೀರ್ಥಕ್ಕೇ ಮರಳಿ ಮಲಗುವುದು ಜಾಣತನ.

ಹಿಮ ಕರಗಿ ಬರುವ ತೊರೆಗಳಿಗೆ ಗಡಿಯಾರವಿದೆ. ಬೆಳಿಗ್ಗೆ ಪಾದ ಮುಳುಗದ ತೊರೆ ಬಿಸಿಲೇರಿದ ಮೇಲೆ ಮಧ್ಯಾಹ್ನ ಮೊಣಕಾಲು ಮೀರುತ್ತದೆ. ದಾಟುವುದಿದ್ದರೆ ಬೆಳಿಗ್ಗೆಯೇ ದಾಟಿ. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿಕೊಂಡು, ನೀರು ಬರುವ ದಿಕ್ಕಿಗೆ ಮುಖ ಮಾಡಿ, ಕೋಲೂರಿ, ಒಂದೊಂದೇ ಹೆಜ್ಜೆ. ಕಲ್ಲುರಾಶಿಯ ಕೆಳಗೆ ಮಂಜುಗಡ್ಡೆ ಇರುವ ಜಾಗಗಳಲ್ಲಿ ದೊಡ್ಡ ಬಂಡೆಯೂ ಕಾಲಿಟ್ಟಾಗ ಅಲುಗುತ್ತದೆ. ಗೈಡ್ ಕಾಲಿಟ್ಟ ಕಲ್ಲನ್ನೇ ಮೆಟ್ಟಿ. ಬಿಸಿಲಿಗೆ ಹಿಡಿತ ಸಡಿಲವಾಗಿ ಇಳಿಜಾರಿನಿಂದ ಕಲ್ಲು ಉರುಳುವುದೂ ಮಧ್ಯಾಹ್ನವೇ ಹೆಚ್ಚು.

ಸರೋವರದ ಹಸಿರುನೀಲಿಗೆ ಕಾರಣ ಹಿಮನದಿ ಬಂಡೆಗಳನ್ನು ಅರೆದು ಮಾಡಿದ ನುಣುಪು ಕಲ್ಲುಹಿಟ್ಟು. ನೀರಿನಲ್ಲಿ ತೇಲುವ ಅದು ಬೆಳಕನ್ನು ಚದುರಿಸುತ್ತದೆ. ಏಕಾದಶಿಗೆ ಬ್ರಹ್ಮ, ವಿಷ್ಣು, ಮಹೇಶ್ವರರು ಒಂದೊಂದು ಮೂಲೆಯಲ್ಲಿ ಸ್ನಾನ ಮಾಡುತ್ತಾರೆಂದು ಅಲ್ಲಿಯವರು ಹೇಳುತ್ತಾರೆ. ನೀವು ಸ್ನಾನಕ್ಕಿಳಿಯಬೇಡಿ. ಸೋಪು, ಪ್ಲಾಸ್ಟಿಕ್ ದಡಕ್ಕೂ ತರಬೇಡಿ.

ವಾಪಸಾಗುವ ಗಂಟೆ

ಹೊರಡುವ ಮುನ್ನ ತಂಡದ ಎಲ್ಲರೂ ಒಪ್ಪಿದ ಒಂದು ಸಮಯ ಇರಬೇಕು. ಮಧ್ಯಾಹ್ನ 12 ಅನ್ನಿ. ಸರೋವರ ಇನ್ನರ್ಧ ಗಂಟೆ ದೂರವಿದ್ದರೂ 12ಕ್ಕೆ ತಿರುಗುವುದು. 2024ರ ಜೂನ್ ಮೊದಲ ವಾರ ಇದೇ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಕರ್ನಾಟಕದಿಂದ ಹೋದವರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ಸತ್ತರು. ಅದು ಜನ ಸುರಕ್ಷಿತ ಎಂದುಕೊಳ್ಳುವ ಬೇಸಿಗೆಯ ಹಂಗಾಮು. ಎತ್ತರ ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಷ್ಟು ಚಳಿ ಕೂಡಿಸುತ್ತದೆ. ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಜೂನ್ ಆದರೇನು, ಜನವರಿ ಆದರೇನು. ಹಗಲಿನ ಸಣ್ಣ ಬ್ಯಾಗಿನಲ್ಲೇ ಒಂದು ಜೊತೆ ಒಣ ಉಣ್ಣೆ ಬಟ್ಟೆ, ಮಳೆಯಂಗಿ, ತಲೆದೀಪ, ಇಬ್ಬರು ಒಳಸೇರಬಹುದಾದ ಫಾಯಿಲ್ ಚೀಲ ಇರಲಿ. ಇವನ್ನು ಹೇಸರಗತ್ತೆಯ ಮೇಲೆ ಅಥವಾ ಪೋರ್ಟರ್ ಹೆಗಲಿಗೆ ಹಾಕಿ ಮುಂದೆ ಕಳಿಸಬೇಡಿ. ಹತ್ತಿ ಟೀ ಶರ್ಟ್, ಜೀನ್ಸ್ ಬೆಂಗಳೂರಲ್ಲೇ ಇರಲಿ. ಮೈ ನಡುಗಿ ಮಾತು ತೊದಲುವವರು ಸಿಕ್ಕರೆ ಗಾಳಿ ಮರೆಯಲ್ಲಿ ಕೂರಿಸಿ, ಒದ್ದೆ ಕಳಚಿ, ಒಣ ಬಟ್ಟೆ ಹೊದಿಸಿ, ಪ್ರಜ್ಞೆ ಇದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ರಮ್ ಕೊಡುವ ಉಪಕಾರಿಗಳನ್ನು ದೂರವಿಡಿ.

ಡೆಹ್ರಾಡೂನ್‌ನಿಂದ ವಾಪಸ್ ವಿಮಾನದ ಟಿಕೆಟ್ ತೆಗೆಯುವಾಗ ಕೈಯಲ್ಲಿ ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ: ಒಂದು ಮೇಲೆ ಹವೆ ಕೆಟ್ಟರೆ, ಇನ್ನೊಂದು ಕೆಳಗೆ ರಸ್ತೆ ಮುಚ್ಚಿದರೆ. ಎರಡೂ ಬಳಕೆಯಾಗದೆ ಉಳಿದರೆ ಇಳಿಯುವಾಗ ದೇವಪ್ರಯಾಗದಲ್ಲಿ ಒಂದು ರಾತ್ರಿ ತಂಗಬಹುದು. ಅಲಕನಂದಾ ಭಾಗೀರಥಿಯನ್ನು ಸೇರಿ ಗಂಗೆಯಾಗುವುದು ಅಲ್ಲೇ.