ಲ್ಯಾಪ್‌ಟಾಪಲ್ಲೇ ಆಂಡರ್ಸನ್ ಲೋಕಲೈಸೇಶನ್ ನೋಡೋದು ಹೇಗೆ

ಮೆಟೀರಿಯಲ್ ಒಳಗೆ ಅಡ್ಡಾದಿಡ್ಡಿ ಜಾಸ್ತಿ ಆದ್ರೆ ಎಲೆಕ್ಟ್ರಾನ್ ಒಂದ್ ಕಡೆ ಸಿಕ್ಕಾಕೊಂಡ್ಬಿಡುತ್ತೆ ಅಂತ ಭೌತವಿಜ್ಞಾನಿ ಫಿಲಿಪ್ ಆಂಡರ್ಸನ್ 1958ರಲ್ಲೇ ಹೇಳಿದ್ರು, ಇದೇ ಆಂಡರ್ಸನ್ ಲೋಕಲೈಸೇಶನ್, ಅದನ್ನ ನೋಡೋಕೆ ಲ್ಯಾಬ್ ಏನೂ ಬೇಡ, ಪೈಥಾನ್ ಇದ್ರೆ ಸಾಕು.

1000 ಸೈಟಿನ (ಎಲೆಕ್ಟ್ರಾನ್ ಕೂರೋ ಜಾಗ) ಒಂದು ಸಾಲು ಅಂದ್ಕೊಂಡು 1000×1000 ಮ್ಯಾಟ್ರಿಕ್ಸ್ ಮಾಡಿ. ಡಯಾಗನಲ್‌ನ ಅಕ್ಕಪಕ್ಕ ಎರಡೂ ಕಡೆ 1 ಹಾಕಿ, ಅದು ಪಕ್ಕದ ಸೈಟಿಗೆ ಹಾರೋ ಹಾಪಿಂಗ್. ಡಯಾಗನಲ್ ಮೇಲೆ -1.5ರಿಂದ +1.5 ಒಳಗಿನ ರ್‍ಯಾಂಡಮ್ ನಂಬರ್, ಅಂದ್ರೆ ಡಿಸಾರ್ಡರ್ ಅಗಲ 3. ಪೈಥಾನಿನ ಲೆಕ್ಕದ ಲೈಬ್ರರಿ ನಂಪೈಗೆ ಕೊಟ್ಟು ಐಗನ್‌ವೆಕ್ಟರ್ ತೆಗೀರಿ, ಒಂದೊಂದೂ ಎಲೆಕ್ಟ್ರಾನ್ ಇರಬಹುದಾದ ಒಂದು ಸ್ಥಿತಿ, ಎನರ್ಜಿ ಸೊನ್ನೆ ಹತ್ರ ಇರೋದನ್ನ ಸ್ಕ್ವೇರ್ ಮಾಡಿ ಲಾಗ್ ಸ್ಕೇಲಲ್ಲಿ ಪ್ಲಾಟ್ ಮಾಡಿದ್ರೆ ಒಂದು ಗುಡ್ಡ ಎದ್ದು ಎರಡೂ ಕಡೆ ಇಳಿದೋಗಿರುತ್ತೆ, ಅಂದ್ರೆ ಎಲೆಕ್ಟ್ರಾನ್ ಅಲ್ಲೇ ಸಿಕ್ಕಾಕೊಂಡಿದೆ.

ಈಗ ಅಗಲ 0.3 ಮಾಡಿ ನೋಡಿ, ಎಲ್ಲಾ ಕಡೆ ಹರಡ್ಕೊಂಡಿರುತ್ತೆ, ಓ ಇದು ಕರೆಂಟ್ ಹರಿಯೋ ಮೆಟಲ್ ಅನ್ಸುತ್ತೆ ಆದ್ರೆ ನಂಬ್ಬೇಡಿ! ಲೋಕಲೈಸೇಶನ್ ಉದ್ದ, ಅಂದ್ರೆ ಆ ಗುಡ್ಡ ಎಷ್ಟು ಸೈಟ್ ದೂರಕ್ಕೆ ಹರಡಿರುತ್ತೆ ಅನ್ನೋದು, ಹೆಚ್ಚುಕಮ್ಮಿ 105 ಭಾಗಿಸು ಅಗಲದ ವರ್ಗ, ಅಂದ್ರೆ ಇಲ್ಲಿ 1100 ಸೈಟಿಗೂ ಜಾಸ್ತಿ, ನಮ್ ಸಾಲೇ ಸಾಲ್ತಿಲ್ಲ ಅಷ್ಟೇ. 1ಡಿಯಲ್ಲಿ ಇಂಥ ರ್‍ಯಾಂಡಮ್ ಡಿಸಾರ್ಡರ್ ಎಷ್ಟ್ ಕಮ್ಮಿ ಇದ್ರೂ ಸಿಕ್ಕಾಕೊಳ್ಳುತ್ತೆ.

3ಡಿ ಬೇರೆ ಕಥೆ, ಅಲ್ಲಿ ಬ್ಯಾಂಡ್ (ಎಲೆಕ್ಟ್ರಾನಿಗೆ ಸಿಗೋ ಎನರ್ಜಿಗಳ ಪಟ್ಟಿ) ಮಧ್ಯದಲ್ಲಿ ಸಿಕ್ಕಾಕೊಳ್ಳೋಕೆ ಅಗಲ ಸುಮಾರು 16.5 ದಾಟ್ಬೇಕು. ಎಲೆಕ್ಟ್ರಾನ್‌ಗಳ ನಡುವಿನ ತಳ್ಳಾಟ ಈ ಮಾಡೆಲಲ್ಲಿ ಇಲ್ವೇ ಇಲ್ಲ, ಅದನ್ನ ಸೇರಿಸೋಕೆ ಹೋದ್ರೆ ಲ್ಯಾಪ್‌ಟಾಪ್ ಕೈ ಎತ್ತುತ್ತೆ.