ಎನ್‌ಐಸಿಯುನಿಂದ ಮಗು ಮನೆಗೆ ಬಂದಾಗ: ಬಾಣಂತನವೆಲ್ಲ ತಾಯಿಗಿರಲಿ

ಏಳು ತಿಂಗಳಿಗೇ ಹುಟ್ಟಿ, ವಾರಗಟ್ಟಲೆ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದ ಮಗುವನ್ನು ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ಕೂಡಲೇ ನಮ್ಮ ವಯಸ್ಸಿನವರು ಏನು ಮಾಡುತ್ತೇವೆ ಹೇಳಿ? ಬಜೆ ಬೇರು ತರಿಸುತ್ತೇವೆ, ನೀರು ಹಾಕುವವಳಿಗೆ ಹೇಳಿ ಕಳಿಸುತ್ತೇವೆ, ಸಾಂಬ್ರಾಣಿ ಡಬ್ಬಿ ಹುಡುಕುತ್ತೇವೆ. ನಾನೂ ಅಜ್ಜಿಯೇ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಮೂರೂ ಬೇಡ. ನಮಗೆ ಗೊತ್ತಿರುವ ಬಾಣಂತನವನ್ನೆಲ್ಲ ಈ ಸಲ ತಾಯಿಗೆ ಮಾಡೋಣ, ಮಗುವಿಗೆ ಡಿಸ್ಚಾರ್ಜ್ ಚೀಟಿಯಲ್ಲಿ ಏನು ಬರೆದಿದೆಯೋ ಅಷ್ಟೇ ಸಾಕು.

ಯಾಕೆ ಅಂದರೆ, ದಿನ ತುಂಬದ ಮಗುವಿಗೆ ಚರ್ಮದ ಕೆಳಗೆ ಕೊಬ್ಬು ತೀರಾ ಕಡಿಮೆ. ನೀರು ಹಾಕಿ ಒರೆಸುವಷ್ಟರಲ್ಲಿ ಮೈ ತಣ್ಣಗಾಗುತ್ತದೆ. ಮತ್ತೆ ಬೆಚ್ಚಗಾಗಲು ಕುಡಿದ ಹಾಲಿನ ಶಕ್ತಿಯೆಲ್ಲ ಖರ್ಚಾಗಿ ತೂಕ ಅಲ್ಲೇ ನಿಲ್ಲುತ್ತದೆ. ಎರಡೂವರೆ ಕೆಜಿ ಹತ್ತಿರ ಬರುವವರೆಗೆ ಉಗುರುಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಬೇಗ ಬೇಗ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಮೆಲ್ಲಗೆ ಸವರಲು ಕೆಲವು ಡಾಕ್ಟರು ಒಪ್ಪುತ್ತಾರೆ, ಕೇಳಿಕೊಂಡು ಮಾಡಿ. ಆದರೆ ಮೂಗಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು, ತಲೆ ಒತ್ತಿ ಗುಂಡಗೆ ಮಾಡುವುದು, ಇವನ್ನು ಯಾರು ಬಂದು ಹೇಳಿದರೂ ಮಾಡಲು ಬಿಡಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಬಜೆ, ಜೇನುತುಪ್ಪ, ಗ್ರೈಪ್ ವಾಟರ್, ಒಂದು ಹನಿಯೂ ಬೇಡ. ಕಾಡಿಗೆಯೂ ಬೇಡ. ದೃಷ್ಟಿಬೊಟ್ಟು ಇಡದಿದ್ದರೆ ಮನಸ್ಸು ಕೇಳುವುದಿಲ್ಲ ಅಂದರೆ ಟೋಪಿಯ ಮೇಲೆ ಇಡಿ, ಯಾರು ಬೇಡ ಅಂದರು!

ಹೊಗೆ ವಿಷಯದಲ್ಲಂತೂ ಗಟ್ಟಿಯಾಗಿರಿ. ವೆಂಟಿಲೇಟರ್ ಕಂಡು ಬಂದ ಶ್ವಾಸಕೋಶ ಅದು. ಸಾಂಬ್ರಾಣಿ, ಊದುಬತ್ತಿ, ಸೊಳ್ಳೆ ಬತ್ತಿ ಯಾವುದೂ ಆ ಕೋಣೆಯ ಹತ್ತಿರ ಸುಳಿಯಬಾರದು, ಸೊಳ್ಳೆಗೆ ಪರದೆ ಕಟ್ಟಿ. ಬೀಡಿ ಸಿಗರೇಟು ಸೇದುವವರು ಹೊರಗೆ ಸೇದಿ ಬಂದರೂ ಅಂಗಿ ಬದಲಾಯಿಸದೆ ಮಗುವನ್ನು ಎತ್ತಬಾರದು. ಕೆಲವು ಮಕ್ಕಳನ್ನು ಆಕ್ಸಿಜನ್ ಸಮೇತ ಮನೆಗೆ ಕಳಿಸುತ್ತಾರೆ. ಹಾಗಿದ್ದರೆ ದೇವರ ದೀಪವೂ ಆ ಕೋಣೆಯಿಂದ ಆಚೆ ಹೋಗಬೇಕು, ಮಗುವಿನ ಮೂಗಿನ ಸುತ್ತ ವ್ಯಾಸಲೀನ್ ಹಚ್ಚಬಾರದು, ಕರೆಂಟ್ ಹೋದರೆ ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಯಂತ್ರ ಕಾನ್ಸಂಟ್ರೇಟರ್‌ಗೆ ಬದಲು ಏನು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ ಅಂತ ಮಗು ಬರುವ ಮುಂಚೆಯೇ ಹಚ್ಚಿ ನೋಡಿ, ಜೊತೆಗೆ ತುಂಬಿದ ಸಿಲಿಂಡರ್ ಒಂದು ಇರಲಿ.

ಬೆಚ್ಚಗಿಡಲು ಕಂಬಳಿ ಮೇಲೆ ಕಂಬಳಿ ಹೊದಿಸುವುದಕ್ಕಿಂತ ಮೈಗೆ ಮೈ ತಾಗಿಸಿ ಎದೆಯ ಮೇಲೆ ಕಟ್ಟಿಕೊಳ್ಳುವುದು ಒಳ್ಳೆಯದು. ಕಾಂಗರೂ ಆರೈಕೆ ಅನ್ನುತ್ತಾರಲ್ಲ, ಅದೇ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಡಾಕ್ಟರು ಶುರು ಮಾಡಿದ್ದು, ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದಾರೆ. ಡೈಪರ್, ಟೋಪಿ, ಕಾಲುಚೀಲ ಅಷ್ಟೇ ಹಾಕಿ, ಮಗುವಿನ ಮುಖ ಒಂದು ಪಕ್ಕಕ್ಕೆ, ಗದ್ದ ಎದೆಗೆ ಒತ್ತಿಕೊಳ್ಳದ ಹಾಗೆ. ಅಪ್ಪ ಮಾಡಬಹುದು, ಅಜ್ಜಿಯೂ ಮಾಡಬಹುದು. ನಿದ್ದೆ ಬರುತ್ತಿದೆ ಅನ್ನಿಸಿದರೆ ಮಾತ್ರ ಮಗುವನ್ನು ಇನ್ನೊಬ್ಬರಿಗೆ ಕೊಟ್ಟುಬಿಡಿ. ಮಲಗಿಸುವಾಗ ಅಂಗಾತವೇ ಮಲಗಿಸಿ. ಆಸ್ಪತ್ರೆಯಲ್ಲಿ ಬೋರಲು ಮಲಗಿಸುತ್ತಿದ್ದರಲ್ಲ ಅಂತ ಕೇಳುತ್ತಾರೆ. ಅಲ್ಲಿ ಮಾನಿಟರ್ ಇತ್ತು, ಇಲ್ಲಿಲ್ಲ. ಸೀರೆ ಜೋಳಿಗೆಯಲ್ಲಿ ಕುತ್ತಿಗೆ ಮಡಚಿಕೊಳ್ಳುತ್ತದೆ, ಅದೂ ಈಗ ಬೇಡ.

ಥರ್ಮಾಮೀಟರ್ ಒಂದು ತಂದಿಡಿ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗುವಿಗೆ ಚಳಿ ಶುರುವಾಗಿದೆ ಅಂತಲೇ ಅರ್ಥ, ಕೂಡಲೇ ಎದೆಗೆ ಹಾಕಿಕೊಳ್ಳಿ. ಒಂದು ಗಂಟೆಯಾದರೂ ಬೆಚ್ಚಗಾಗದಿದ್ದರೆ ಆಸ್ಪತ್ರೆಗೆ ಹೊರಡಿ. ಇಂಥ ಮಕ್ಕಳಿಗೆ ಸೋಂಕಾದರೆ ಜ್ವರವೇ ಬರಬೇಕೆಂದಿಲ್ಲ, ಮೈ ತಣ್ಣಗಾಗಿಯೂ ತೋರಿಸಿಕೊಳ್ಳುತ್ತದೆ.

ಹಾಲು ಕುಡಿಸುವುದು ಇದೆಯಲ್ಲ, ಅದೇ ದೊಡ್ಡ ಕೆಲಸ. ಎರಡರಿಂದ ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಹಸಿದರೆ ತಾನೇ ಅಳುತ್ತದೆ ಅಂತ ಕೂರಬೇಡಿ, ಇವು ಅಳುವುದಕ್ಕೂ ಶಕ್ತಿ ಸಾಲದೆ ನಿದ್ದೆ ಹೋಗುತ್ತವೆ. ಅಂಗಾಲು ಉಜ್ಜಿ ಎಬ್ಬಿಸಿ. ಎಳೆದು ಕುಡಿಯಲಾಗದ ಮಗುವಿಗೆ ತಾಯಿಹಾಲನ್ನೇ ಹಿಂಡಿ ಒಳಲೆಯಲ್ಲಿ ಕೊಡಲು ಹೇಳಿರುತ್ತಾರೆ. ಒಳಲೆ ನಮಗೆ ಹೊಸದಲ್ಲ, ಆದರೆ ನಮ್ಮ ಹಳೆಯ ಪದ್ಧತಿ ಹೇಗಿತ್ತು? ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಚಪ್ಪಟೆಯಾಗಿ ಮಲಗಿಸಿ, ಅಳುತ್ತಾ ಬಾಯಿ ತೆರೆದಾಗ ಗಟಗಟ ಸುರಿಯುವುದು. ಹಾಗೆ ಮಾಡಲೇಬೇಡಿ, ಉಸಿರಾಟವನ್ನೂ ನುಂಗುವುದನ್ನೂ ಒಟ್ಟಿಗೆ ಸಂಭಾಳಿಸುವುದು ಅದಕ್ಕಿನ್ನೂ ಬರುವುದಿಲ್ಲ. ತಲೆ ಎತ್ತರಕ್ಕಿರುವಂತೆ ತೋಳಿನಲ್ಲಿ ಹಿಡಿದು, ಒಳಲೆಯ ಮೂತಿಯನ್ನು ಬಾಯಿಯ ಮೂಲೆಗೆ ತಾಗಿಸಿ, ಚೂರೇ ಬಗ್ಗಿಸಿ ನಿಲ್ಲಿಸಿ. ಗಂಟಲಲ್ಲಿ ಗುಟುಕು ಇಳಿದಿದ್ದು ಕಾಣುತ್ತದೆ. ಕಂಡ ಮೇಲೆ ಮುಂದಿನದು. ತುಟಿಯ ಸುತ್ತ ಬಣ್ಣ ಬದಲಾದರೆ, ಕೆಮ್ಮಿದರೆ ನಿಲ್ಲಿಸಿ. ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇಡಬಹುದು, ಫ್ರಿಜ್ಜಿನಲ್ಲಿ ಒಂದು ದಿನ. ಕುಡಿದು ಉಳಿದಿದ್ದನ್ನು ಚೆಲ್ಲಿಬಿಡಿ, ಒಳಲೆಯನ್ನು ಪ್ರತಿ ಸಲ ತೊಳೆದು ನೀರಲ್ಲಿ ಕುದಿಸಿ.

ಔಷಧದ ಡ್ರಾಪ್ಸ್ ವಿಷಯ ಒಂದು ಹೇಳಲೇಬೇಕು. ವಿಟಮಿನ್ ಡಿ ಒಂದು ಕಂಪನಿಯದು ಒಂದು ಎಂಎಲ್‌ಗೆ 400 ಯೂನಿಟ್, ಇನ್ನೊಂದರದು 800. ಅಂಗಡಿಯವನು ಅದಿಲ್ಲ ಇದು ತಗೊಳ್ಳಿ ಅಂತ ಕೊಟ್ಟರೆ ಡಾಕ್ಟರಿಗೆ ಬಾಟಲಿಯ ಫೋಟೋ ಕಳಿಸಿ ಕೇಳಿಯೇ ಕೊಡಿ. ಚಮಚದ ಅಳತೆ ಬೇಡ, ಒಂದು ಎಂಎಲ್ ಸಿರಿಂಜ್ ಇಟ್ಟುಕೊಳ್ಳಿ. ಕೊಟ್ಟ ಕೂಡಲೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿ, ಇಲ್ಲದಿದ್ದರೆ ಅಮ್ಮ ಒಂದು ಸಲ ಅಜ್ಜಿ ಒಂದು ಸಲ ಕೊಟ್ಟುಬಿಡುವುದು ಏನೂ ಕಷ್ಟವಲ್ಲ.

ರಾತ್ರಿ ಮಗು ಗೊರ ಗೊರ ಅನ್ನುತ್ತದೆ, ಮುಲುಕುತ್ತದೆ, ಐದಾರು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ತೆಗೆದುಕೊಳ್ಳುತ್ತದೆ. ಅದು ಇಂಥ ಮಕ್ಕಳಲ್ಲಿ ಇದ್ದಿದ್ದೇ. ಆದರೆ ಇಪ್ಪತ್ತು ಸೆಕೆಂಡ್ ನಿಂತರೆ, ಮೈ ನೀಲಿಯಾದರೆ ಅಂಗಾಲಿಗೆ ತಟ್ಟಿ, ಆಗಲೂ ಉಸಿರಾಡದಿದ್ದರೆ ಕೃತಕ ಉಸಿರು ಕೊಡುತ್ತಾ 108ಕ್ಕೆ ಫೋನ್ ಮಾಡಿಸಬೇಕು. ಅದನ್ನು ಡಿಸ್ಚಾರ್ಜ್‌ಗೆ ಮುಂಚೆಯೇ ನರ್ಸ್ ಹತ್ತಿರ ಗೊಂಬೆಯ ಮೇಲೆ ಕಲಿತುಕೊಳ್ಳಿ, ಸಂಕೋಚ ಬೇಡ. ಒಂದೆರಡು ರಾತ್ರಿ ತಾಯಿ ಮಗು ಜೊತೆಗೆ ಅಲ್ಲೇ ಉಳಿಯಲು ಬಿಡುತ್ತೀರಾ ಅಂತಲೂ ಕೇಳಿ. ಸುಮ್ಮನೆ ಮಲಗಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿದಾಗ ಉಸಿರು 60 ದಾಟಿದರೆ, ಎದೆ ಒಳಕ್ಕೆ ಎಳೆದುಕೊಂಡರೆ, ಹಾಲು ಬಿಟ್ಟರೆ, ಮಂಕಾದರೆ, ಅಂಗೈ ಅಂಗಾಲು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದವರೆಗೆ ಕಾಯಿಲೆ ಮಗುವಿಗೆ ಚಿಕಿತ್ಸೆ ಉಚಿತ.

ಎಲ್ಲರೂ ಮರೆಯುವುದು ಕಣ್ಣನ್ನು. ಎರಡು ಕೆಜಿಗಿಂತ ಕಡಿಮೆ ಇದ್ದ, ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿಗೆ ಹುಟ್ಟಿದ 30 ದಿನದೊಳಗೆ ಆರ್‌ಒಪಿ (ದಿನ ತುಂಬದ ಮಕ್ಕಳ ಕಣ್ಣಿನ ಒಳಪದರ ರೆಟಿನಾಕ್ಕೆ ಬರುವ ಕಾಯಿಲೆ) ಪರೀಕ್ಷೆ ಆಗಬೇಕು. ಆಮೇಲೂ ರೆಟಿನಾ ಬಲಿಯುವವರೆಗೆ ಮತ್ತೆ ಮತ್ತೆ ಕರೆಯುತ್ತಾರೆ, ಆ ದಿನಾಂಕಗಳು ಮನೆಗೆ ಬಂದ ಮೇಲೆ ಬೀಳುತ್ತವೆ. ಕಣ್ಣು ಪಿಳಿಪಿಳಿ ಬಿಡುತ್ತಿದೆಯಲ್ಲ ಅನ್ನಬೇಡಿ, ಹೊರಗೆ ಏನೂ ಕಾಣುವುದಿಲ್ಲ, ತಪ್ಪಿದರೆ ದೃಷ್ಟಿಯೇ ಹೋಗಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ತಂಡ ಈ ಪರೀಕ್ಷೆಗೆಂದೇ ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳ ಎನ್‌ಐಸಿಯುಗಳಿಗೇ ಹೋಗುತ್ತದೆ. ಕಿವಿಯ ಪರೀಕ್ಷೆಯೂ ಆಗಲಿ. ಲಸಿಕೆಗೆ ಹುಟ್ಟಿದ ದಿನದ ಲೆಕ್ಕ, ಬೆಳವಣಿಗೆಗೆ ಡಾಕ್ಟರು ಕೊಟ್ಟಿದ್ದ ಹೆರಿಗೆ ದಿನಾಂಕದ ಲೆಕ್ಕ. ಪಕ್ಕದ ಮನೆ ಮಗು ಬೋರಲು ಬಿತ್ತು ಅಂತ ಇಲ್ಲಿ ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ.

ತೊಟ್ಟಿಲು ಶಾಸ್ತ್ರ ಮುಂದಕ್ಕೆ ಹಾಕಿ. ನೋಡಲು ಬರುವವರನ್ನು ತಡೆಯುವುದು ಸೊಸೆಯ ಕೈಲಾಗದು, ಅದು ನಮ್ಮ ಕೆಲಸ. "ಡಾಕ್ಟರು ಬೇಡ ಅಂದಿದ್ದಾರೆ ಕಣಮ್ಮ, ಕಾಫಿ ಕುಡಿದು ಹೋಗು" ಅಂತ ಜಗುಲಿಯಲ್ಲೇ ಕೂರಿಸಿ. ಬೇಜಾರಾದರೆ ಆಗಲಿ, ನಮ್ಮ ಮೇಲೆ ತಾನೇ.

ಇನ್ನು ಆ ತಾಯಿ. ಬಿಸಿ ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ ಹೊಟ್ಟೆ ತುಂಬ ಹಾಕಿ, ನೀರು ಕಡಿಮೆ ಕುಡಿ ಅನ್ನುವ ಹಳೇ ಪಥ್ಯ ಬಿಡಿ. ರಾತ್ರಿ ಒಂದು ಸರದಿ ಒಳಲೆ ನೀವು ಹಿಡಿದರೆ ಅವಳಿಗೆ ನಾಲ್ಕು ಗಂಟೆ ಒಂದೇ ಸಮ ನಿದ್ದೆ ಸಿಗುತ್ತದೆ. ದಿನ ತುಂಬುವವರೆಗೆ ಯಾಕೆ ನಿಲ್ಲಲಿಲ್ಲ ಅನ್ನುವ ಮಾತು ತಮಾಷೆಗೂ ಬರಬಾರದು. ಮಾನಿಟರ್ ಸದ್ದು ಕೇಳಿಸಿದ ಹಾಗಾಗಿ ಬೆಚ್ಚಿ ಏಳುವುದು, ಮಗು ಮಲಗಿದ್ದರೂ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು, ಕಾರಣವಿಲ್ಲದೆ ಅಳುವುದು ಮೊದಮೊದಲು ಇರುತ್ತದೆ. ಎರಡು ವಾರ ಕಳೆದರೂ ಹಾಗೇ ಇದ್ದರೆ ಮಗುವಿನ ಚೆಕಪ್‌ಗೆ ಹೋದ ದಿನವೇ ಅವಳನ್ನೂ ಡಾಕ್ಟರಿಗೆ ತೋರಿಸಿ ಬನ್ನಿ.