ಒಂದೇ ರೆಕ್ಕೆ, ಮೂರು ಒಡಲು: ಶಿರಸಿಯಲ್ಲಿ ನಾನು ಕಟ್ಟಿದ ಲಿಯರ್‌ಜೆಟ್‌ಗಳು

ಒಂದೇ ರೆಕ್ಕೆಯ ಅಚ್ಚಿನಿಂದ ಲಿಯರ್‌ಜೆಟ್ ಎಂಬ ಸಣ್ಣ ಖಾಸಗಿ ಜೆಟ್ ವಿಮಾನದ 23, 25 ಮತ್ತು 35 ಈ ಮೂರು ಮಾದರಿಗಳನ್ನೂ ಹತ್ತರಲ್ಲಿ ಒಂದರ ಅಳತೆಗೆ ಕಟ್ಟುತ್ತೇನೆಂದು ಹೇಳಿದಾಗ ಮಾಡೆಲ್ ವಿಮಾನ ಹಾರಿಸುವ ನನ್ನ ಗೆಳೆಯರಲ್ಲಿ ಯಾರೂ ಒಪ್ಪಲಿಲ್ಲ. ಇಷ್ಟು ಚಿಕ್ಕ ರೆಕ್ಕೆ ಉದ್ದದ ಒಡಲನ್ನು ಹೊರಲಾರದು ಎಂಬುದು ಅವರ ವಾದವಾಗಿತ್ತು. ಕಳೆದ ಜನವರಿಯಲ್ಲಿ ಕೊನೆಯದಾದ 35 ನಮ್ಮ ಬೇಣದ (ಹುಲ್ಲುಗಾವಲಿನ) ಮೇಲೆ ಸುಮಾರು ಮೂರು ನಿಮಿಷ ಹಾರಿ, ಒಣಹುಲ್ಲಿನ ಮೇಲೆ ಹೊಟ್ಟೆಯೂರಿ ಇಳಿಯಿತು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಹೊಸದೇನನ್ನೂ ಕಂಡುಹಿಡಿಯಲಿಲ್ಲ, ಅಮೆರಿಕದ ವಿಚಿಟಾದಲ್ಲಿ ಬಿಲ್ ಲಿಯರ್ ಕಟ್ಟಿದ ಕಂಪನಿ ಹಿಡಿದ ದಾರಿಯನ್ನೇ ಹಿಡಿದೆ. ಸ್ವಿಟ್ಜರ್‌ಲೆಂಡ್ ಕೈಬಿಟ್ಟಿದ್ದ ಪಿ-16 ಎಂಬ ಯುದ್ಧವಿಮಾನದ ರೆಕ್ಕೆಯಿಂದ ರೂಪುಗೊಂಡ 23 ಮೊದಲು ಹಾರಿದ್ದು 1963ರ ಅಕ್ಟೋಬರ್ 7ರಂದು. ಮುಂದೆ ಒಡಲನ್ನು ಸುಮಾರು 1.3 ಮೀಟರ್ ಹಿಗ್ಗಿಸಿದಾಗ 25 ಆಯಿತು. ರೆಕ್ಕೆಯ ತುದಿಗಳನ್ನು ಎರಡೆರಡು ಅಡಿ ಬೆಳೆಸಿ, ಹಳೆಯ ಟರ್ಬೊಜೆಟ್‌ಗಳ ಜಾಗದಲ್ಲಿ, ಮುಂದೆ ದೊಡ್ಡ ಫ್ಯಾನ್ ಇರುವ ಜೆಟ್ ಎಂಜಿನ್‌ಗಳಾದ ಗ್ಯಾರೆಟ್ ಕಂಪನಿಯ ಟರ್ಬೊಫ್ಯಾನ್‌ಗಳನ್ನು ಕೂರಿಸಿದಾಗ 35 ಆಯಿತು. ನನ್ನ ಅಳತೆಯಲ್ಲಿ ಇವು 13 ಸೆಂಟಿಮೀಟರಿನ ಒಂದು ತುಂಡು ಮತ್ತು ಆರಾರು ಸೆಂಟಿಮೀಟರಿನ ಎರಡು ತುದಿಗಳು, ಅಷ್ಟೇ.

ಮೊದಲ 23 ಮೂರು ಸಲ ಬಿತ್ತು. ರಬ್ಬರ್ ಹಗ್ಗದಿಂದ ಚಿಮ್ಮಿಸಿ ಥ್ರಾಟಲ್ ಪೂರ್ತಿ ಕೊಟ್ಟ ಕ್ಷಣವೇ ಮೂಗು ನೆಲಕ್ಕೆ ಹೋಗುತ್ತಿತ್ತು. ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಅಂದರೆ ಎಲಿವೇಟರ್ ಸಾಲದೆಂದು ಎರಡು ಸಲ ಅದನ್ನೇ ದೊಡ್ಡದು ಮಾಡಿ ಹಣ ಕಳೆದೆ. ನಿಜವಾದ ಕಾರಣವೆಂದರೆ, ಜೆಟ್ ಎಂಜಿನ್ ಬದಲಿಗೆ ನೂಕು ಕೊಡುವ ವಿದ್ಯುತ್ ಫ್ಯಾನುಗಳು, ಅಂದರೆ ಇಡಿಎಫ್‌ಗಳು ಬಾಲದ ಬಳಿ ಸಿಜಿಗಿಂತ (ವಿಮಾನದ ತೂಕ ಸಮತೂಗುವ ಬಿಂದುವಿಗಿಂತ) ಎತ್ತರದಲ್ಲಿ ಕೂತಿದ್ದರಿಂದ ಅವುಗಳ ನೂಕು ಮೂಗನ್ನು ಕೆಳಕ್ಕೆ ಒತ್ತುತ್ತಿತ್ತು. ಇಡಿಎಫ್‌ನ ಮುಂಬಾಯಿ ಸ್ವಲ್ಪ ತಗ್ಗಿ, ಹಿಂಬಾಯಿ ಸ್ವಲ್ಪ ಮೇಲೆದ್ದಿರುವಂತೆ ಓರೆಮಾಡಿದ ಮೇಲೆ ಆ ಕಾಟ ನಿಂತಿತು. ಎಷ್ಟು ಡಿಗ್ರಿ ಎಂಬುದನ್ನು ನಾನು ಹೇಳುವುದಿಲ್ಲ; ಆ ಸಂಖ್ಯೆಗಾಗಿ ನಾನು ಒಂದು ಮಳೆಗಾಲವನ್ನೇ ಕೊಟ್ಟಿದ್ದೇನೆ.

ಅದಕ್ಕಿಂತ ದುಬಾರಿಯಾದದ್ದು ರೆಕ್ಕೆಯ ತುದಿಯಲ್ಲಿರುವ ಇಂಧನ ಟ್ಯಾಂಕುಗಳ ವ್ಯಾಮೋಹ. ಒಡಲಿನಲ್ಲಿ ಜಾಗ ಉಳಿಯಲೆಂದು ಬ್ಯಾಟರಿಗಳನ್ನು ಆ ಎರಡು ಟ್ಯಾಂಕುಗಳೊಳಗೆ ಇಟ್ಟೆ. ವಿಮಾನ ಹೊರಳಲು ತಡಮಾಡಿತು, ಒಮ್ಮೆ ಹೊರಳಿದ ಮೇಲೆ ನಿಲ್ಲಲೇ ಇಲ್ಲ, ತೋಟದ ಅಂಚಿನ ಅಡಿಕೆ ಮರಕ್ಕೆ ಬಡಿಯಿತು. ಎರಡು ಬ್ಯಾಟರಿ, ಮೋಟರಿನ ವೇಗ ನಿಯಂತ್ರಿಸುವ ಒಂದು ಇಎಸ್‌ಸಿ, ಒಂದು ಇಡಿಎಫ್ ಸೇರಿ ಆ ಒಂದು ಮಧ್ಯಾಹ್ನಕ್ಕೆ ಒಂಬತ್ತು ಸಾವಿರದಷ್ಟು ಹೋಯಿತು. ಈಗ ಟ್ಯಾಂಕುಗಳು ಬರಿಯ ಥರ್ಮೋಕೋಲ್. ಮೂರು ವರ್ಷದ ಒಟ್ಟು ಖರ್ಚು ನಲವತ್ತು ಸಾವಿರದ ಆಸುಪಾಸಿನಲ್ಲಿರಬೇಕು. ಅದರಲ್ಲಿ ಅರ್ಧ, ಬಿದ್ದದ್ದನ್ನು ಮತ್ತೆ ಕಟ್ಟಿದ್ದಕ್ಕೆ.

25ರ ಒಡಲಿನ ಆ 13 ಸೆಂಟಿಮೀಟರ್ ತುಂಡನ್ನು ಮೊದಲು ರೆಕ್ಕೆಯ ಮುಂದೆಯೇ ಪೂರ್ತಿ ಸೇರಿಸಿದೆ. ಸಿಜಿ ಸರಿಮಾಡಲು ಬಾಲದಲ್ಲಿ 90 ಗ್ರಾಮಿನಷ್ಟು ಸೀಸ ಬೇಕಾಯಿತು, ಅಷ್ಟಾದರೂ ಮೂಗು ಅತ್ತಿತ್ತ ತುಯ್ಯುತ್ತಿತ್ತು. ಎಂಟು ಸೆಂಟಿಮೀಟರ್ ಮುಂದೆ, ಐದು ಹಿಂದೆ ಎಂದು ಹಂಚಿದಾಗ ಸೀಸವೂ ಬೇಡವಾಯಿತು, ತುಯ್ದಾಟವೂ ಹೋಯಿತು. ಇದನ್ನು ಹೇಳುವುದರಲ್ಲಿ ನನಗೆ ಹೆಮ್ಮೆಯಿದೆ, ಏಕೆಂದರೆ ಗೆಳೆಯರು ಬೇಡವೆಂದದ್ದು ಈ ಹಿಗ್ಗಿಸುವಿಕೆಯನ್ನೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಾಲ್ಸಾ ಹಲಗೆಯೂ ತೇವ ಕುಡಿದು ಬಾಗುತ್ತದೆ. ಹಾಗಾಗಿ ಆ ದಿನಗಳಲ್ಲಿ ಅಡಿಕೆ ಹಾಳೆಯ ಮೇಲೆ ಕೈಯಾಡಿಸಿದೆ. ನೆರೆಯವರ ತಟ್ಟೆ ಮಾಡುವ ಯಂತ್ರದಲ್ಲಿ ನೆನೆಸಿದ ಹಾಳೆಯನ್ನು ಬಟ್ಟಲಿನ ಅಚ್ಚಿನಲ್ಲಿ ಒತ್ತಿ, ನಡುವೆ ಕತ್ತರಿಸಿ ಇಡಿಎಫ್‌ನ ಮುಂಬಾಯಿಯ ಉಂಗುರ ಮಾಡಿದೆ. ಹಗುರ, ಗಟ್ಟಿ, ಬಹಳ ಚಂದ. ಆದರೆ ಆಗಸ್ಟ್ ಹೊತ್ತಿಗೆ ಬೂಸಲು ಹಿಡಿಯಿತು. ವಾರ್ನಿಷ್ ಎರಡು ಸಲ ಬಳಿದ ಮೇಲೆ ನಿಂತ ಒಂದು ಜೋಡಿ ಈಗಲೂ 25ರಲ್ಲಿದೆ. ಕಾರವಾರದ ಗೆಳೆಯರೊಬ್ಬರು ಕಡಲತೀರಕ್ಕೆ ತನ್ನಿ ಎಂದು ಕರೆದಿದ್ದರು. ನೌಕಾನೆಲೆಯ ಊರಿನಲ್ಲಿ ಹಾರಿಸುವ ಮಾತೇ ಇಲ್ಲ, ಉಪ್ಪುಗಾಳಿ ಬೇರಿಂಗನ್ನೂ ಬಿಡುವುದಿಲ್ಲ ಎಂದು ಒಪ್ಪಲಿಲ್ಲ.

35 ಮಾತ್ರ ಮೊದಲ ಸಲಕ್ಕೇ ಹಾರಿತು. 23ರ ಸಪೂರ ಎಂಜಿನ್ ಗೂಡಿಗೆ 64 ಮಿಲಿಮೀಟರಿನ ಇಡಿಎಫ್ ಹಿಡಿಸದೆ ಗೂಡನ್ನು ನಕ್ಷೆಗಿಂತ ದಪ್ಪ ಮಾಡಬೇಕಾಗಿತ್ತು. ಟರ್ಬೊಫ್ಯಾನ್‌ನ ಗೂಡು ಮೂಲದಲ್ಲೇ ದಪ್ಪವಾದ್ದರಿಂದ ಇಲ್ಲಿ ಅದೇ ಇಡಿಎಫ್ ನಕ್ಷೆ ಕೆಡದೆ ಕೂತಿತು. ತೂಕ 1.9 ಕಿಲೊ ಇರಬಹುದು, ಬೆಳೆಸಿದ ತುದಿಗಳಿಂದಾಗಿ ಇಳಿಯುವಾಗಿನ ವೇಗ ಮೂರರಲ್ಲಿ ಇದರದ್ದೇ ಕಡಿಮೆ. ಈಗ ಅದೇ ಅಚ್ಚಿನಿಂದ, ಟ್ಯಾಂಕುಗಳನ್ನು ತೆಗೆದು ತುದಿಯಲ್ಲಿ ವಿಂಗ್ಲೆಟ್ ಎಂಬ ಮೇಲ್ಮುಖದ ಪುಟ್ಟ ರೆಕ್ಕೆ ನಿಲ್ಲಿಸಿದ 28ರ ರೆಕ್ಕೆಯನ್ನು ಕತ್ತರಿಸಲು ಆರಂಭಿಸಿದ್ದೇನೆ.